ದೇವರುಗಳ ರೂಲ್‌ಬುಕ್ ಕೈಯಲ್ಲಿದೆ, ಆಟಕ್ಕೆ ತರೋದು ಹೇಗೆ?

ಓದುಗರ ಪ್ರಶ್ನೆ: ನಾನು ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟ ನಡೆಸುತ್ತೇನೆ, ಅಂದರೆ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ನಡೆಸೋ ಆಟ. ದೇವರು, ಧರ್ಮಗಳಿಗೆಂದೇ ಬರೆದ ಒಂದು ದಪ್ಪ ರೂಲ್‌ಬುಕ್ ಇದೆ. ಓದೋಕೆ ಮಜಾ ಇದೆ. ಆದರೆ ಆಟಕ್ಕೆ ಕೂತಾಗ ಒಂದು ಪುಟವೂ ಉಪಯೋಗಕ್ಕೆ ಬರುತ್ತಿಲ್ಲ. ಕ್ಲೆರಿಕ್ (ದೇವರಿಂದ ಮಂತ್ರಶಕ್ತಿ ಪಡೆಯೋ ಪೂಜಾರಿ) ಪಾತ್ರ ಆಡುವವನಿಗೆ ತನ್ನ ದೇವರ ಹೆಸರೇ ನೆನಪಿರೋದಿಲ್ಲ. ಏನು ಮಾಡಲಿ?

ಉತ್ತರ: ಆ ಪುಸ್ತಕದಲ್ಲಿ ದೇವರ ಬಗ್ಗೆ ಬರೆದದ್ದನ್ನು ಸದ್ಯಕ್ಕೆ ಬಿಡಿ. ಭಕ್ತರ ಬಗ್ಗೆ ಬರೆದದ್ದನ್ನು ಮಾತ್ರ ಓದಿ. ಈ ದೇವರನ್ನು ನಂಬಿದವರು ಏನು ಮಾಡುತ್ತಾರೆ, ಏನು ಮಾಡಲ್ಲ, ಯಾರನ್ನು ಕಂಡರೆ ಅವರಿಗೆ ಆಗಲ್ಲ? ಆಟಕ್ಕೆ ಬೇಕಾಗಿರೋದು ಇಷ್ಟೇ. ದೇವರು ಹುಟ್ಟಿದ ಕಥೆ, ಸ್ವರ್ಗದ ನಕ್ಷೆ, ದೇವರ ಹಿಟ್ ಪಾಯಿಂಟ್ (ಎಷ್ಟು ಏಟು ತಡೆದುಕೊಳ್ಳಬಲ್ಲ ಅನ್ನೋ ಅಂಕ) ಎಲ್ಲ ಆಮೇಲೆ ನೋಡಿಕೊಂಡರಾಯಿತು.

ಹಿಟ್ ಪಾಯಿಂಟ್ ಅಂದೆನಲ್ಲ, ಅದರ ಹಿಂದೆ ಒಂದು ಕಥೆಯೇ ಇದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ರೋಲ್‌ಪ್ಲೇಯಿಂಗ್ ಆಟ ಬಂದದ್ದು 1974ರಲ್ಲಿ. ಎರಡೇ ವರ್ಷಕ್ಕೆ, 1976ರಲ್ಲಿ, 'ಗಾಡ್ಸ್, ಡೆಮಿ-ಗಾಡ್ಸ್ ಅಂಡ್ ಹೀರೋಸ್' ಅನ್ನೋ ಪುಟ್ಟ ಪುಸ್ತಕ ಬಂತು. ಬೇರೆ ಬೇರೆ ಪುರಾಣಗಳ ದೇವರುಗಳನ್ನು ರಾಕ್ಷಸರ ಪಟ್ಟಿಯ ಥರವೇ ಅದರಲ್ಲಿ ಬರೆದಿದ್ದರು. ನಾರ್ಸ್ ದೇವರಾಜ ಓಡಿನ್‌ಗೆ 300 ಹಿಟ್ ಪಾಯಿಂಟ್! ಮುನ್ನುಡಿಯಲ್ಲಿ ಸಂಪಾದಕ ಟಿಮ್ ಕ್ಯಾಸ್ಕ್ ಇದರ ಉದ್ದೇಶವನ್ನೂ ಬಿಡಿಸಿ ಹೇಳಿದ್ದಾರೆ. ಆಗ ಕೆಲವು ಗುಂಪುಗಳಲ್ಲಿ ಕೇಳಿದ್ದನ್ನೆಲ್ಲ ಕೊಟ್ಟು ಕೊಟ್ಟು ಪಾತ್ರಗಳು 40ನೇ ಲೆವೆಲ್ (ಪಾತ್ರದ ಶಕ್ತಿಯ ಮೆಟ್ಟಿಲು) ದಾಟಿಬಿಟ್ಟಿದ್ದವು. ಓಡಿನ್‌ಗೇ ಇಷ್ಟು ಅಂದಮೇಲೆ ನಿಮ್ಮ 44ನೇ ಲೆವೆಲ್ ವೀರನನ್ನು ಯಾರು ನಂಬುತ್ತಾರೆ ಎಂದು ಅವರಿಗೆ ನಾಚಿಕೆ ಬರಿಸೋ ಪ್ರಯತ್ನ ಅದು.

ನಾಚಿಕೆ ಬರಿಸೋಕೆ ಇದು ಸರಿಯಾದ ದಾರಿ ಅಂತ ನನಗನ್ನಿಸೋದಿಲ್ಲ. ಎದುರಾಳಿಗೆ ಒಂದು ಸಂಖ್ಯೆ ಕೊಟ್ಟರೆ ಆಟಗಾರ ಮೊದಲು ಮಾಡೋದು ಭಾಗಾಕಾರ. ಒಂದು ಏಟಿಗೆ ಇಷ್ಟು ಹೋದರೆ ಎಷ್ಟು ಏಟು ಬೇಕು? ಅದೇ ಆಟದ 1980ರ ಪುಸ್ತಕ 'ಡೀಟೀಸ್ ಅಂಡ್ ಡೆಮಿಗಾಡ್ಸ್'ನಲ್ಲಿ ಓಡಿನ್ 400ಕ್ಕೆ ಏರಿದ. ಅದೇ ಪುಸ್ತಕದಲ್ಲಿ ನಮ್ಮ ಇಂದ್ರ, ಅಗ್ನಿ, ವರುಣರಿಗೂ ಆರ್ಮರ್ ಕ್ಲಾಸ್ (ಏಟು ತಗಲೋದು ಎಷ್ಟು ಕಷ್ಟ ಅನ್ನೋ ಅಂಕ) ಸಿಕ್ಕಿತು. ಪುರಾಣ ಕೇಳಿ ಬೆಳೆದವರಿಗೆ ಆ ಪುಟ ನೋಡಿದರೆ ನಗು ಬರುತ್ತೆ. ಇಂದ್ರನ ಕಥೆಗಳಲ್ಲಿ ಅವನಿಗೆ ಕಷ್ಟ ಬರೋದು ಯಾರದೋ ಶಾಪದಿಂದ, ಯಾರದೋ ತಪಸ್ಸಿನಿಂದ, ಯಾರೋ ಕೊಟ್ಟ ವರದಿಂದ. ಆರ್ಮರ್ ಕ್ಲಾಸ್ ಅದನ್ನೆಲ್ಲ ಹೇಗೆ ಹಿಡಿಯುತ್ತೆ?

ಹೊಸ ಪುಸ್ತಕಗಳು ಇದರ ಉಲ್ಟಾ ತುದಿಗೂ ಹೋಗಿವೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ದೇವರಿಗೆ ಕೋಷ್ಟಕದ ಒಂದು ಸಾಲು. ಹೆಸರು, ಅಲೈನ್‌ಮೆಂಟ್ (ಒಳ್ಳೆಯವನೋ ಕೆಟ್ಟವನೋ ಅನ್ನೋ ಗುಣ), ಡೊಮೈನ್ (ದೇವರ ಕ್ಷೇತ್ರ), ಚಿಹ್ನೆ, ಮುಗೀತು. ಡೊಮೈನ್‌ನಿಂದ ಯಾವ ಮಂತ್ರ ಸಿಗುತ್ತೆ ಅಂತ ಗೊತ್ತಾಗುತ್ತೆ. ಬೆಳಿಗ್ಗೆ ಎದ್ದ ಮೇಲೆ ಆ ಕ್ಲೆರಿಕ್ ಏನು ಮಾಡ್ತಾನೆ ಅಂತ ಗೊತ್ತಾಗಲ್ಲ. ಹೆಸರು ಮರೆತುಹೋಗೋದು ಸಹಜ, ಅಲ್ವಾ?

ನನ್ನ ಲೆಕ್ಕದಲ್ಲಿ ಈ ಕೆಲಸವನ್ನು ಎಲ್ಲರಿಗಿಂತ ಮೊದಲು ಸರಿಯಾಗಿ ಮಾಡಿದ್ದು ರೂನ್‌ಕ್ವೆಸ್ಟ್ ಅನ್ನೋ ಇನ್ನೊಂದು ರೋಲ್‌ಪ್ಲೇಯಿಂಗ್ ಆಟದವರು. 1979ರ 'ಕಲ್ಟ್ಸ್ ಆಫ್ ಪ್ರಾಕ್ಸ್'ನಲ್ಲಿ ವಿಷಯ ದೇವರಲ್ಲ, ಪಂಥ. ಸೇರೋಕೆ ಏನು ಬೇಕು, ಸೇರಿದ ಮೇಲೆ ಏನು ಕೊಡಬೇಕು, ಬದಲಿಗೆ ಏನು ಸಿಗುತ್ತೆ, ಯಾವ ಪಂಥದವರು ಗೆಳೆಯರು, ಯಾರು ವೈರಿಗಳು, ಎಲ್ಲವೂ ಇದೆ. ನಡುನಡುವೆ ಒಬ್ಬ ವ್ಯಾಪಾರಿ ಪೂಜಾರಿಯ ಪ್ರವಾಸದ ಕಥೆ ಬರುತ್ತೆ. ಅವನು ಒಂದೊಂದು ಪಂಥದವರನ್ನೂ ದಾರಿಯಲ್ಲಿ ಭೇಟಿಯಾಗುತ್ತಾ ಹೋಗುತ್ತಾನೆ. ರೂನ್‌ಕ್ವೆಸ್ಟ್‌ನ ಲೋಕದಲ್ಲಿ ಹುಮಾಕ್ಟ್ ಅಂದರೆ ಸಾವು ಮತ್ತು ಕತ್ತಿಯ ದೇವರು. ಅವನ ಭಕ್ತರು ಸತ್ತರೆ ಮತ್ತೆ ಬದುಕಿಸಿಕೊಳ್ಳೋದಿಲ್ಲ. ಚಲಾನಾ ಅರಾಯ್ ವೈದ್ಯರ ದೇವತೆ, ಅವಳ ಭಕ್ತರದ್ದು ಯಾರಿಗೂ ನೋವು ಮಾಡದ ವ್ರತ. ಇವರಿಬ್ಬರೂ ಒಂದೇ ಗುಂಪಿನಲ್ಲಿದ್ದಾರೆ ಅಂತ ಇಟ್ಟುಕೊಳ್ಳಿ. ನೀವು ಕಥೆ ಹುಡುಕಿಕೊಂಡು ಹೋಗೋದೇ ಬೇಡ.

ಪಾತ್‌ಫೈಂಡರ್ ಅನ್ನೋ ಮತ್ತೊಂದು ಆಟದ ಎರಡನೇ ಆವೃತ್ತಿ ಇದನ್ನು ಇನ್ನೂ ಚಿಕ್ಕದಾಗಿ ಕೊಡುತ್ತೆ. ಪ್ರತಿ ದೇವರಿಗೂ ಮಾಡಬೇಕಾದ್ದು ಕೆಲವು, ಮಾಡಬಾರದ್ದು ಕೆಲವು. ಮೊದಲಿನದಕ್ಕೆ ಎಡಿಕ್ಟ್, ಎರಡನೆಯದಕ್ಕೆ ಅನಾಥೆಮಾ ಅಂತ ಹೆಸರು. ಸೂರ್ಯದೇವತೆ ಸಾರೆನ್ರೇ ಕ್ಲೆರಿಕ್ ಸುಳ್ಳು ಹೇಳಬಾರದು. ಪಶ್ಚಾತ್ತಾಪ ಪಟ್ಟವರಿಗೆ ತಿದ್ದಿಕೊಳ್ಳೋ ಅವಕಾಶ ತಪ್ಪಿಸಬಾರದು.

ಈ ಎರಡೇ ನಿಯಮಗಳನ್ನು ಹಿಡಿದು ಒಂದು ಸಂಜೆಯ ಆಟ ನೋಡಿ. ಗುಂಪು ಕೋಟೆಯ ಬಾಗಿಲಿಗೆ ಬಂದಿದೆ. 'ನಾವು ಧಾನ್ಯದ ವ್ಯಾಪಾರಿಗಳು' ಅಂತ ಕಳ್ಳನ ಪಾತ್ರದವನು ಶುರು ಹಚ್ಚಿದ್ದಾನೆ. ಕಾವಲುಗಾರ ನೇರವಾಗಿ ಕ್ಲೆರಿಕ್ ಕಡೆ ತಿರುಗಿ, 'ಹೌದೇನಮ್ಮಾ?' ಅನ್ನುತ್ತಾನೆ. ಇಡೀ ಟೇಬಲ್ ಅವಳ ಬಾಯಿ ನೋಡುತ್ತೆ. ಸುಳ್ಳು ಹೇಳುವ ಹಾಗಿಲ್ಲ, ನಿಜ ಹೇಳಿದರೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಸುಮ್ಮನಿದ್ದರೆ ಕಾವಲುಗಾರನಿಗೆ ಅನುಮಾನ. ಹೇಗೋ ಒಳಗೆ ಹೋದರು ಅನ್ನಿ. ಅಲ್ಲಿ ಸೆರೆಸಿಕ್ಕ ಗಾಬ್ಲಿನ್ (ಕುಳ್ಳ ರಾಕ್ಷಸ) ಒಬ್ಬ ಕೈಮುಗಿದು, 'ತಪ್ಪಾಯ್ತು, ಬಿಟ್ಟುಬಿಡಿ, ಇನ್ಮೇಲೆ ಹೀಗೆ ಮಾಡಲ್ಲ' ಅನ್ನುತ್ತಾನೆ. ಅವನು ನಿಜ ಹೇಳ್ತಿದ್ದಾನಾ? ಗೊತ್ತಿಲ್ಲ. ಆದರೆ ಕಳ್ಳ ಚಾಕು ತೆಗೆದರೆ ಕ್ಲೆರಿಕ್ ಅಡ್ಡ ನಿಲ್ಲಲೇಬೇಕು. ಇಷ್ಟಾದ ಮೇಲೆ ಅವಳು ಸಾರೆನ್ರೇ ಹೆಸರು ಮರೆಯೋ ಮಾತೇ ಇಲ್ಲ. ದೇವತೆ ಮಾತ್ರ ಇಡೀ ಸಂಜೆ ಒಂದು ಸಲವೂ ಕಾಣಿಸಿಕೊಂಡಿಲ್ಲ.

ನಿಮ್ಮ ಪುಸ್ತಕದಲ್ಲಿ ಇಂಥ ನಿಯಮಗಳು ಇಲ್ಲದಿದ್ದರೆ ನೀವೇ ಬರೆಯಿರಿ. ಇನ್ನೂ ಒಳ್ಳೆಯದು, ಆ ಪಾತ್ರ ಆಡುವವರಿಗೇ ಬರೆಯೋಕೆ ಹೇಳಿ. ಮಾಡಬೇಕಾದ್ದು ಎರಡು, ಮಾಡಬಾರದ್ದು ಎರಡು ಸಾಕು. 'ಒಳ್ಳೆಯವರಾಗಿರಬೇಕು' ಅನ್ನೋ ಥರದ್ದು ಬೇಡ. 'ರಾತ್ರಿ ಆಶ್ರಯ ಕೇಳಿದವರನ್ನು ವಾಪಸ್ ಕಳಿಸಬಾರದು' ಅನ್ನೋದು ಕೆಲಸಕ್ಕೆ ಬರುತ್ತೆ. ಯಾಕೆಂದರೆ ಬಾಗಿಲು ತಟ್ಟೋರು ಯಾರು ಅನ್ನೋದು ನಿಮ್ಮ ಕೈಯಲ್ಲಿದೆ!

ಒಂದು ಎಚ್ಚರ ಬೇಕು. ಪಾತ್‌ಫೈಂಡರ್‌ನಲ್ಲಿ ಕ್ಲೆರಿಕ್ ಈ ನಿಯಮಗಳನ್ನು ತೀರಾ ಮೀರಿದರೆ ದೇವರು ಕೊಟ್ಟ ಮಂತ್ರಶಕ್ತಿಯೇ ಹೋಗಬಹುದು, ಪ್ರಾಯಶ್ಚಿತ್ತ ಮಾಡಿಕೊಳ್ಳೋ ತನಕ. ಇದನ್ನು ಬಲೆಯ ಹಾಗೆ ಒಡ್ಡಿ ಕಾದು ಕೂರೋ ಗೇಮ್ ಮಾಸ್ಟರ್‌ಗಳು, ಅಂದರೆ ಆಟ ನಡೆಸೋರು, ಇದ್ದಾರೆ. ನೀವು ಹಾಗೆ ಮಾಡಬೇಡಿ. 'ಇದು ನಿನ್ನ ದೇವರಿಗೆ ಇಷ್ಟವಾಗಲ್ಲ, ಆದರೂ ಮಾಡ್ತೀಯಾ?' ಅಂತ ದಾಳ ಉರುಳೋ ಮೊದಲೇ ಕೇಳಿ. ಗೊತ್ತಿದ್ದೂ ಮಾಡಿದ ತಪ್ಪಿನಲ್ಲಿ ಕಥೆ ಇರುತ್ತೆ. ಗೊತ್ತಿಲ್ಲದೆ ಆದ ತಪ್ಪಿನಿಂದ ಜಗಳ ಮಾತ್ರ ಬರುತ್ತೆ.

ದೇವರು ಖುದ್ದಾಗಿ ಬರೋದು ಯಾವಾಗ? ಅಪರೂಪಕ್ಕೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ನಿಯಮದಲ್ಲಿ 10ನೇ ಲೆವೆಲ್‌ನ ಕ್ಲೆರಿಕ್ ದೇವರನ್ನು ಕೂಗಿ ಕರೆಯಬಹುದು. ನೂರರ ದಾಳ ಉರುಳಿಸಿ ತನ್ನ ಲೆವೆಲ್‌ನಷ್ಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಾತ್ರ ದೇವರು ಓಗೊಡುತ್ತಾನೆ. ಅಂದರೆ ನೂರಕ್ಕೆ ಹತ್ತು. ಒಮ್ಮೆ ಓಗೊಟ್ಟರೆ ಮತ್ತೆ 7 ದಿನ ಕರೆಯೋ ಹಾಗಿಲ್ಲ. ನನಗೆ ಈ ನಿಯಮ ಬಹಳ ಇಷ್ಟ. ಆ ದಾಳ ಉರುಳುವಾಗ ಯಾರೂ ಉಸಿರೆತ್ತಲ್ಲ. 2024ರ ಆವೃತ್ತಿಯಲ್ಲಿ ದಾಳ ತೆಗೆದು, 5ನೇ ಹಂತದವರೆಗಿನ ಒಂದು ಕ್ಲೆರಿಕ್ ಮಂತ್ರ ಖಂಡಿತ ಸಿಗೋ ಹಾಗೆ ಮಾಡಿದ್ದಾರೆ. ಅನುಕೂಲ ಜಾಸ್ತಿ, ಮಜಾ ಕಡಿಮೆ.

ಇನ್ನು, ಪುಸ್ತಕದಲ್ಲಿರೋ ಎಲ್ಲ ದೇವರುಗಳೂ ನಿಮ್ಮ ಲೋಕದಲ್ಲಿ ಇರಬೇಕಾ? ಬೇಡವೇ ಬೇಡ. ಶುರುವಿಗೆ ಮೂರು ಸಾಕು: ಕ್ಲೆರಿಕ್‌ನ ದೇವರು, ಆ ಊರಿನವರೆಲ್ಲ ನಂಬೋ ದೇವರು, ಇವರಿಬ್ಬರಿಗೂ ಆಗದ ಒಂದು ದೇವರು. ಉಳಿದವರು ಬೇಕಾದಾಗ ಬರಲಿ. ದೇವರೇ ಇಲ್ಲದಿದ್ದರೂ ನಡೆಯುತ್ತೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆಂದೇ ಬರೆದ ಲೋಕಗಳನ್ನೇ ನೋಡಿ. 1991ರ ಡಾರ್ಕ್ ಸನ್ ಲೋಕದಲ್ಲಿ ದೇವರುಗಳಿಲ್ಲ, ಕ್ಲೆರಿಕ್‌ಗಳು ಬೆಂಕಿ, ನೀರು, ಗಾಳಿ, ಮಣ್ಣಿನಿಂದ ಶಕ್ತಿ ಪಡೆಯುತ್ತಾರೆ. 2004ರ ಎಬೆರಾನ್‌ನಲ್ಲಿ ದೇವರು ಇದ್ದಾರೋ ಇಲ್ಲವೋ ಅಂತ ಯಾರಿಗೂ ಖಚಿತವಿಲ್ಲ, ಮಂತ್ರ ಮಾತ್ರ ನಂಬಿದವರಿಗೆ ಫಲಿಸುತ್ತೆ. ಒಂದೇ ಧರ್ಮದೊಳಗೆ ಎರಡು ಬಣ ಮಾಡಿ ಕಾದಾಡಿಸೋಕೆ ಇದರಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಯಾರು ಸರಿ ಅಂತ ಹೇಳೋಕೆ ಮೇಲಿನಿಂದ ಯಾರೂ ಇಳಿದು ಬರಲ್ಲ.

ಜನ ಇವತ್ತಿಗೂ ಪೂಜಿಸುವ ದೇವರುಗಳನ್ನು ಆಟಕ್ಕೆ ತರೋದಾದರೆ ಮೊದಲು ಟೇಬಲ್ ಸುತ್ತ ಕೂತ ಎಲ್ಲರನ್ನೂ ಕೇಳಿ. ಒಬ್ಬರು 'ಬೇಡಪ್ಪಾ' ಅಂದರೂ ಕಾರಣ ಕೇಳದೆ ಬಿಟ್ಟುಬಿಡಿ. ಹೆಸರು, ಚಿಹ್ನೆ ಬದಲಿಸಿ ಹೊಸ ದೇವರನ್ನು ಮಾಡೋಕೆ ಹತ್ತು ನಿಮಿಷ ಸಾಕು. ಮೇಲೆ ಹೇಳಿದ ನಾಲ್ಕು ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಕ್ಲೆರಿಕ್ ಆಡುವವನ ಕೈಗೆ ಕೊಡಿ.