ಶಕ ವರ್ಷಕ್ಕೆ 77, 78, 79: ಯಾವಾಗ ಯಾವುದನ್ನು ಕೂಡಿಸಬೇಕು?

ಕಾಲವಿಭಜನೆಯನ್ನು ಮೊದಲು ಬೇಗ ನೋಡಿಬಿಡೋಣ. 1817ರಲ್ಲಿ ಜೇಮ್ಸ್ ಮಿಲ್ ಭಾರತದ ಚರಿತ್ರೆಯನ್ನು ಹಿಂದೂ, ಮುಸ್ಲಿಂ, ಬ್ರಿಟಿಷ್ ಎಂದು ಮೂರು ಪಾಲು ಮಾಡಿದ. ಅರಸನ ಧರ್ಮ ನೋಡಿ ಕಾಲವನ್ನು ಕತ್ತರಿಸಿದರೆ ಜನರ ಬದುಕು ಕಾಣುವುದೇ ಇಲ್ಲ. ಈಗಿನವರು ಅದನ್ನು ಕೈಬಿಟ್ಟಿದ್ದಾರೆ. ಗುಪ್ತರ ನಂತರದ, ಸುಮಾರು ಕ್ರಿ.ಶ. 600ರಿಂದ 1200ರವರೆಗಿನ ಕಾಲಕ್ಕೆ ಆದಿ ಮಧ್ಯಯುಗ ಎನ್ನುತ್ತಾರೆ. ಭೂದಾನಗಳು ಹೆಚ್ಚಿದ್ದು, ಪಟ್ಟಣಗಳು ಸೊರಗಿದ್ದು ಇದರ ಗುರುತು ಎಂದರು ಇತಿಹಾಸಕಾರ ಆರ್.ಎಸ್. ಶರ್ಮ. ಬಿ.ಡಿ. ಚಟ್ಟೋಪಾಧ್ಯಾಯರು ಕುಸಿತಕ್ಕಿಂತ ಜಾಸ್ತಿ, ಪ್ರದೇಶಗಳಲ್ಲಿ ಹೊಸ ರಾಜ್ಯಗಳು ಕಟ್ಟಿಕೊಂಡದ್ದನ್ನು ಮುಂದಿಟ್ಟರು. ಪರೀಕ್ಷೆಗೆ ಈ ಎರಡೂ ವಾದ ಬೇಕು.

ಬಾದಾಮಿ ಚಾಲುಕ್ಯರು ಸರಿಯಾಗಿ ಈ ಗಡಿಯ ಮೇಲೆ ಬರುತ್ತಾರೆ. ಅವರ ಶಾಸನಗಳಲ್ಲಿ ಶಕ ವರ್ಷ ಇರುತ್ತದೆ. ಕಷ್ಟ ಶುರುವಾಗುವುದು ಇಲ್ಲೇ.

ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. ಅಂತ ಎಲ್ಲರೂ ಹೇಳಿಕೊಡುತ್ತಾರೆ. ಹಾಗಾದರೆ ಕೆಲವು ಪುಸ್ತಕಗಳಲ್ಲಿ 77 ಯಾಕೆ? ಶಕ ಕಾಲದ ಮೊದಲ ವರ್ಷ ಶುರುವಾಗಿದ್ದು ಕ್ರಿ.ಶ. 78ರ ಚೈತ್ರದಲ್ಲಿ. ಆ ದಿನ ಕಳೆದುಹೋದ ವರ್ಷ ಎಷ್ಟು? ಸೊನ್ನೆ. ನಡೆಯುತ್ತಿರುವ ವರ್ಷ ಎಷ್ಟು? ಒಂದು. ಅದಕ್ಕೇ ಕಳೆದ ವರ್ಷದ ಲೆಕ್ಕ ಕೊಟ್ಟಿದ್ದರೆ 78, ನಡೆಯುತ್ತಿರುವ ವರ್ಷ ಕೊಟ್ಟಿದ್ದರೆ 77 ಕೂಡಿಸಬೇಕು. ಬಾದಾಮಿಯ ಮೂರನೇ ಗುಹೆಯಲ್ಲಿ, ಚಾಲುಕ್ಯ ಅರಸ ಕೀರ್ತಿವರ್ಮನ ತಮ್ಮ ಮಂಗಲೇಶ ಬರೆಸಿದ ಶಾಸನ ನೋಡಿ. ಶಕ ವರ್ಷ 500 ಕಳೆದ ಮೇಲೆ, ಕಾರ್ತಿಕ ಹುಣ್ಣಿಮೆಯಂದು ಎಂದಿದೆ. ಕಳೆದದ್ದು 500, ಆದ್ದರಿಂದ 500+78=578. ನಡೆಯುತ್ತಿದ್ದದ್ದು 501ನೆಯದು, 501+77 ಕೂಡ 578. ಎರಡೂ ದಾರಿ ಒಂದೇ ಕಡೆ ಬಂದರೆ ಲೆಕ್ಕ ಸರಿ ಎಂದರ್ಥ. ಅದೇ ಶಾಸನ ಇದನ್ನು ಕೀರ್ತಿವರ್ಮನ ಆಳ್ವಿಕೆಯ 12ನೇ ವರ್ಷ ಎನ್ನುತ್ತದೆ. ಅಲ್ಲಿಂದ ಹಿಂದೆ ಎಣಿಸಿದರೆ ಅವನು ಪಟ್ಟಕ್ಕೆ ಬಂದದ್ದು 566-67 ಎಂದು ಸಿಗುತ್ತದೆ.

79 ಎಲ್ಲಿಂದ ಬಂತು? ಶಕ ವರ್ಷ ಚೈತ್ರದಿಂದ ಫಾಲ್ಗುಣಕ್ಕೆ ಹೋಗುತ್ತದೆ, ನಡುವೆ ಜನವರಿ ಬಂದು ಕ್ರಿ.ಶ. ವರ್ಷ ಬದಲಾಗುತ್ತದೆ. ಮಾಘ, ಫಾಲ್ಗುಣ ಇದ್ದರೆ ಕಳೆದ ವರ್ಷಕ್ಕೆ 79. ಶಕ 556 ಕಳೆದಿದೆ ಎಂದಷ್ಟೇ ಇದ್ದು ತಿಂಗಳು ತಿಳಿಯದಿದ್ದರೆ 634-35 ಅಂತ ಜೋಡಿ ವರ್ಷ ಬರೆಯುವುದು ಇದಕ್ಕೇ. ಆದರೆ ಸಂಕ್ರಾಂತಿ ಎಂದು ಕಂಡ ಕೂಡಲೇ ಜನವರಿ ಅಂದುಕೊಂಡು 79 ಕೂಡಿಸಬೇಡಿ. 12ನೇ ಶತಮಾನದಲ್ಲಿ ಉತ್ತರಾಯಣ ಸಂಕ್ರಾಂತಿ ಡಿಸೆಂಬರ್ 25ರ ಆಸುಪಾಸಿಗೆ ಬೀಳುತ್ತಿತ್ತು. ಅಲ್ಲಿ 78 ಸಾಕು.

ತಾಳೆ ನೋಡಲು ಐಹೊಳೆ ಶಾಸನ ತುಂಬಾ ಚೆನ್ನಾಗಿದೆ. ಅದನ್ನು ಬರೆದ ಕವಿ ರವಿಕೀರ್ತಿ ಎರಡು ಲೆಕ್ಕ ಕೊಡುತ್ತಾನೆ. ಭಾರತ ಯುದ್ಧದಿಂದ 30, 3000, 700, 5 ವರ್ಷ. ಶಕರ ಕಾಲದಲ್ಲಿ 50, 6, 500 ವರ್ಷ. ಪದ್ಯದಲ್ಲಿ ಬಿಡಿಬಿಡಿಯಾಗಿರುವುದನ್ನು ಕೂಡಿಸಿದರೆ 3735 ಮತ್ತು 556. ಭಾರತ ಯುದ್ಧದಿಂದ ಎಣಿಸಿದ ಈ ಲೆಕ್ಕವೇ ಕಲಿ ವರ್ಷ. ಕಲಿ ವರ್ಷಕ್ಕೂ ಶಕ ವರ್ಷಕ್ಕೂ ಇರಬೇಕಾದ ಅಂತರ 3179. 3735ರಿಂದ 556 ಕಳೆಯಿರಿ, ಅಷ್ಟೇ ಬರುತ್ತದೆ!

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಿಗೆ ನನಗೆ ಇಷ್ಟದ ಅಡ್ಡದಾರಿ ಸಂವತ್ಸರ. ಕಳೆದ ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಸೊನ್ನೆ ಉಳಿದರೆ ಅಕ್ಷಯ. ಆರನೇ ವಿಕ್ರಮಾದಿತ್ಯ ಹೊಸ ಶಕೆ ಆರಂಭಿಸಿದ್ದು ಶಕ 998ರಲ್ಲಿ, ಅಂದರೆ 1076ರಲ್ಲಿ. 998+12=1010, ಶೇಷ 50, ನಳ ಸಂವತ್ಸರ. ಶಾಸನದಲ್ಲಿ ಬೇರೆ ಹೆಸರಿದ್ದರೆ ಮೊದಲು ವರ್ಷವನ್ನು ನಡೆಯುತ್ತಿರುವುದು ಎಂದಿಟ್ಟುಕೊಂಡು, ಒಂದು ಕಳೆದು ನೋಡಿ.

ವರ್ಷವನ್ನೇ ಕೊಡದ ಶಾಸನಕ್ಕೆ ಇದ್ಯಾವುದೂ ನಡೆಯುವುದಿಲ್ಲ. ಹಲ್ಮಿಡಿ ಶಾಸನದಲ್ಲಿ ಶಕ ವರ್ಷ ಇಲ್ಲ. ಲಿಪಿ, ಭಾಷೆ, ಅಲ್ಲಿ ಬರುವ ಅರಸರ ಹೆಸರು ನೋಡಿ ಕಾಲ ಊಹಿಸಿದ್ದಾರೆ. ಅದಕ್ಕೇ ಕ್ರಿ.ಶ. 450ರ ಹಿಂದೆ 'ಸುಮಾರು' ಇದೆ. ಉತ್ತರ ಬರೆಯುವಾಗ ಆ ಪದವನ್ನು ಬಿಡಬೇಡಿ.