ಆಲಿಸ್ ಸ್ಪ್ರಿಂಗ್ಸ್‌ನ ಸ್ಮಶಾನದಲ್ಲಿರುವವರು

ಆಸ್ಟ್ರೇಲಿಯಾದ ಮರುಭೂಮಿಯ ನಡುವೆ ಇರುವ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ಸ್ಮಶಾನದಲ್ಲಿ ಅತ್ಯಂತ ಪ್ರಸಿದ್ಧವಾದ ಸಮಾಧಿಗಳೆಂದರೆ ಚಿನ್ನ ಹುಡುಕಲು ಹೋಗಿ ಸತ್ತ ಹೆರಾಲ್ಡ್ ಲ್ಯಾಸೆಟರ್‌ನದು ಮತ್ತು ಚಿತ್ರಕಲಾವಿದ ಆಲ್ಬರ್ಟ್ ನಮಾಟ್ಜಿರನದು. ಆದರೆ ಊರು ಹೇಗೆ ಉಳಿಯಿತೆಂದು ತಿಳಿಯಬೇಕಾದರೆ ಅಲ್ಲಿಯೇ ಇರುವ ‘ಅಫ್ಘನ್’ ವಿಭಾಗದ ಗೋರಿಗಳನ್ನು ಮೊದಲು ನೋಡಬೇಕು.

ಅರಂಡ ಬುಡಕಟ್ಟಿನವರು ಸಾವಿರಾರು ವರ್ಷಗಳಿಂದ ಬಾಳಿಕೊಂಡು ಬಂದಿದ್ದ ಈ ನೆಲಕ್ಕೆ ಬಿಳಿಯರು ನೆಲೆಸಲು ಬಂದದ್ದು ತಂತಿಯ ಕಾರಣದಿಂದ. ಅಡಿಲೇಡ್‌ನಿಂದ ಡಾರ್ವಿನ್‌ವರೆಗೆ ಸುಮಾರು 3,200 ಕಿಲೋಮೀಟರ್ ಉದ್ದದ ಟೆಲಿಗ್ರಾಫ್ ಮಾರ್ಗ 1872ರಲ್ಲಿ ಪೂರ್ಣಗೊಂಡಿತು; ಅದರ ಒಂದು ಠಾಣೆಯ ಸಮೀಪದಲ್ಲಿ 1888ರಲ್ಲಿ ಸ್ಟುವರ್ಟ್ ಎಂಬ ಹೆಸರಿನ ಪಟ್ಟಣಕ್ಕೆ ಗುರುತು ಹಾಕಲಾಯಿತು. ಅದು ಅಧಿಕೃತವಾಗಿ ಆಲಿಸ್ ಸ್ಪ್ರಿಂಗ್ಸ್ ಆದದ್ದು 1933ರಲ್ಲಿ. ದಕ್ಷಿಣದಿಂದ ಬರುತ್ತಿದ್ದ ರೈಲು 1891ರಲ್ಲಿ ಊಡ್ನಡಾಟಾ ತಲುಪಿ ಅಲ್ಲಿಯೇ ನಿಂತುಬಿಟ್ಟಿದ್ದರಿಂದ, ಮುಂದಿನ ಸುಮಾರು ನಾಲ್ಕು ದಶಕಗಳ ಕಾಲ ಹಿಟ್ಟು, ಸಕ್ಕರೆ, ಬೇಲಿತಂತಿ, ಗಣಿಯ ಯಂತ್ರಭಾಗಗಳಂಥ ಸರಕುಗಳು ಒಂಟೆಯ ಬೆನ್ನೇರಿಯೇ ಇಲ್ಲಿಗೆ ಬರಬೇಕಾಗಿತ್ತು.

ಆ ಒಂಟೆಗಳನ್ನು ನಡೆಸಿದವರಿಗೆಲ್ಲ ‘ಅಫ್ಘನ್ನರು’ ಎಂಬ ಒಂದೇ ಹೆಸರು ಬಿದ್ದಿತಾದರೂ, ಅವರಲ್ಲಿ ಅನೇಕರು ಅಂದಿನ ಬ್ರಿಟಿಷ್ ಇಂಡಿಯಾದ ಬಲೂಚಿಸ್ತಾನ, ಸಿಂಧ್, ಪಂಜಾಬ್ ಪ್ರಾಂತಗಳವರಾಗಿದ್ದು, ಕರಾಚಿಯಲ್ಲಿ ಹಡಗು ಹತ್ತಿ ಬಂದವರಾಗಿದ್ದರು. ಬರಡು ನೆಲವನ್ನು ದಾಟುವ ವಿದ್ಯೆ ಅವರಿಂದ ದೊರೆಯಿತು. ಪೌರತ್ವ ಮಾತ್ರ ಅವರಲ್ಲಿ ಹೆಚ್ಚಿನವರಿಗೆ ದೊರೆಯಲಿಲ್ಲ. 1901ರ ವಲಸೆ ನಿರ್ಬಂಧ ಕಾಯ್ದೆ ಏಷ್ಯಾದವರ ಪ್ರವೇಶವನ್ನು ತಡೆದರೆ, 1903ರ ಇನ್ನೊಂದು ಕಾಯ್ದೆ ಅದಾಗಲೇ ಅಲ್ಲಿ ನೆಲೆಸಿದ್ದ ಏಷ್ಯನ್ನರು ಪೌರತ್ವಕ್ಕೆ ಅರ್ಜಿ ಹಾಕುವುದನ್ನೇ ನಿಷೇಧಿಸಿತು. 1929ರಲ್ಲಿ ರೈಲು ಕೊನೆಗೂ ಆಲಿಸ್ ಸ್ಪ್ರಿಂಗ್ಸ್‌ಗೆ ಬಂದಾಗ ಅವರ ಕಸುಬಿಗೂ ಸಂಚಕಾರ ಬಂತು. ಆ ರೈಲಿಗೆ ಅವರ ನೆನಪಿನಲ್ಲೇ ‘ಘಾನ್’ ಎಂಬ ಹೆಸರು ನಿಂತಿತು ಎನ್ನುತ್ತಾರೆ. ಹೊಟ್ಟೆಪಾಡು ಕಸಿದುಕೊಂಡ ಗಾಡಿಗೆ ಅವರದೇ ಹೆಸರು!

ಇವರಿಗೆ ಹೋಲಿಸಿದರೆ ಲ್ಯಾಸೆಟರ್‌ನ ಸಾಧನೆ ಅಲ್ಪ, ಖ್ಯಾತಿ ಅಪಾರ. ಮರುಭೂಮಿಯಲ್ಲಿ ಚಿನ್ನದ ದೊಡ್ಡ ಪದರವೊಂದನ್ನು ಕಂಡಿದ್ದೇನೆಂದು ಹೇಳಿ 1930ರಲ್ಲಿ ತಂಡ ಕಟ್ಟಿಕೊಂಡು ಹೊರಟ ಆತ, ಕೊನೆಗೆ ಒಬ್ಬಂಟಿಯಾಗಿ 1931ರ ಆರಂಭದಲ್ಲಿ ಸತ್ತನು. ಚಿನ್ನ ಈವರೆಗೂ ಸಿಕ್ಕಿಲ್ಲ.

1975ರಲ್ಲಿ ತೀರಿಕೊಂಡ ಆಲಿವ್ ಪಿಂಕ್ ಬೇರೆಯದೇ ಜಾಯಮಾನದವರು. ಮೂಲನಿವಾಸಿಗಳ ಹಕ್ಕಿಗಾಗಿ ಅಧಿಕಾರಿಗಳೊಡನೆ ಬಿಡದೆ ಜಗಳವಾಡಿದ ಈ ಮಾನವಶಾಸ್ತ್ರಜ್ಞೆ, ಎಪ್ಪತ್ತು ದಾಟಿದ ಮೇಲೆ, 1956ರಲ್ಲಿ, ಮರುಭೂಮಿಯ ಸಸ್ಯಗಳಿಗಾಗಿ ಸಂರಕ್ಷಿತ ಪ್ರದೇಶವೊಂದನ್ನು ಸರ್ಕಾರದಿಂದ ಮಂಜೂರು ಮಾಡಿಸಿಕೊಂಡರು. ಅಲ್ಲಿನ ಗಿಡಗಳಿಗೆ ಅಧಿಕಾರಿಗಳ ಹೆಸರಿಟ್ಟು, ಮುನಿಸು ಬಂದಾಗ ಆಯಾ ಗಿಡಕ್ಕೆ ನೀರು ನಿಲ್ಲಿಸುತ್ತಿದ್ದರೆಂಬ ಕಥೆ ಊರಿನಲ್ಲಿ ಇಂದಿಗೂ ಪ್ರಚಲಿತವಾಗಿದೆ.

ನಮಾಟ್ಜಿರ ಹುಟ್ಟಿದ್ದು 1902ರಲ್ಲಿ, ಹರ್ಮನ್ಸ್‌ಬರ್ಗ್ ಮಿಷನ್‌ನಲ್ಲಿ. ಒಂಟೆ ಹೊಡೆಯುವ ಕೆಲಸವನ್ನೂ ಮಾಡಿದ್ದ ಆತ, 1936ರಲ್ಲಿ ಚಿತ್ರಕಾರ ರೆಕ್ಸ್ ಬ್ಯಾಟರ್‌ಬೀಗೆ ಬೆಟ್ಟಸಾಲುಗಳ ದಾರಿ ತೋರಿಸುತ್ತ, ಪ್ರತಿಯಾಗಿ ಜಲವರ್ಣದ ಪಟ್ಟುಗಳನ್ನು ಕಲಿತನು. 1938ರ ಮೆಲ್ಬರ್ನ್ ಪ್ರದರ್ಶನದ ನಂತರ ಆತನ ಚಿತ್ರಗಳಿಗೆ ದೇಶದಾದ್ಯಂತ ಬೇಡಿಕೆ ಬಂದರೂ, ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮನೆ ಕಟ್ಟಲು ಮೂಲನಿವಾಸಿಯಾದ ಆತನಿಗೆ ಅನುಮತಿ ಸಿಗಲಿಲ್ಲ. 1957ರಲ್ಲಿ ಪೂರ್ಣ ಪೌರತ್ವವೇನೋ ಬಂತು, ಆದರೆ ಬಂಧುಗಳಿಗೆ ಬರಲಿಲ್ಲ. ಹೀಗಾಗಿ ಆತ ಮದ್ಯ ಕೊಳ್ಳುವುದು ಕಾನೂನುಬದ್ಧ, ಅದನ್ನು ತನ್ನವರೊಡನೆ ಹಂಚಿಕೊಳ್ಳುವುದು ಅಪರಾಧ ಎಂಬ ವಿಚಿತ್ರ ಸ್ಥಿತಿ ಉಂಟಾಯಿತು. 1958ರಲ್ಲಿ ಅದೇ ಆರೋಪದ ಮೇಲೆ ಶಿಕ್ಷೆಯಾಗಿ, ಬಿಡುಗಡೆಯಾದ ಕೆಲವೇ ತಿಂಗಳಲ್ಲಿ, 1959ರ ಆಗಸ್ಟ್‌ನಲ್ಲಿ ತೀರಿಕೊಂಡನು.

ಸಮಾಧಿಗೆ ಈಗಿರುವ ಸುಟ್ಟ ಜೇಡಿಮಣ್ಣಿನ ಚಿತ್ರಫಲಕವನ್ನು ಮೊಮ್ಮಗಳೂ ಸೇರಿದಂತೆ ಹರ್ಮನ್ಸ್‌ಬರ್ಗ್‌ನ ಕುಂಬಾರಿಕೆ ಕಲಾವಿದರು 1994ರಲ್ಲಿ ಮಾಡಿದರು. ಅಷ್ಟು ಹೊತ್ತಿಗೆ ಆತನ ಚಿತ್ರಗಳ ಕೃತಿಸ್ವಾಮ್ಯ ಕುಟುಂಬದ ಕೈಯಲ್ಲಿರಲಿಲ್ಲ. 1983ರಲ್ಲಿ ಸರ್ಕಾರಿ ನ್ಯಾಸಪಾಲಕರೇ ಅದನ್ನು ಪ್ರಕಾಶಕರೊಬ್ಬರಿಗೆ 8,500 ಡಾಲರ್‌ಗಳಿಗೆ ಮಾರಿಬಿಟ್ಟಿದ್ದರು. ದೀರ್ಘ ಹೋರಾಟದ ಬಳಿಕ, ವಂಶಸ್ಥರಿಗಾಗಿ ರೂಪುಗೊಂಡ ಟ್ರಸ್ಟ್‌ಗೆ ಅದು ಮರಳಿ ಬಂದದ್ದು 2017ರಲ್ಲಿ.