ಫ್ಲಾಟ್ ಕೊಂಡಿರಿ, ಸರಿ. ನಿಮ್ಮ ನೆಲ ಎಷ್ಟು?

ಕಲಬುರಗಿಯಲ್ಲಿ ಪ್ಲಾಟ್ ಅಂದರೆ ಖಾಲಿ ಜಾಗ. ಬೆಂಗಳೂರಿನವರ ಸೈಟೇ ನಮ್ಮ ಪ್ಲಾಟ್. ಫ್ಲಾಟ್ ಅನ್ನೋದೂ ನಮ್ಮ ಬಾಯಲ್ಲಿ ಪ್ಲಾಟೇ ಆಗುತ್ತದೆ. ಹಾಗಾಗಿ ಯಾರಾದರೂ ಬಂದು "ಸೇಡಂ ರೋಡಿನಾಗ ಒಂದು ಪ್ಲಾಟ್ ತಗೊಂಡೀನ್ರಿ, ರಜಿಸ್ಟರ್ ಮಾಡಿಸ್ಬೇಕು" ಅಂದರೆ ನಾನು ಮೊದಲು ಕೇಳುವುದು, "ನೆಲದ ಮೇಲಿಂದೋ, ಮೂರನೇ ಮಹಡಿದೋ?" ನಗುತ್ತಾರೆ. ಆದರೆ ಮೂರನೇ ಮಹಡಿಯವರಿಗೂ ನೆಲ ಇದೆ. ಇಪ್ಪತ್ತು ವರ್ಷದಿಂದ ಖರೀದಿ ಪತ್ರ ಬರೆಯುತ್ತಿರುವ ನನಗೆ ಜಾಸ್ತಿ ತಲೆನೋವು ತರುವುದು ಈ ನೆಲದ ಲೆಕ್ಕವೇ.

ಫ್ಲಾಟಿನ ಪತ್ರದಲ್ಲಿ ಸಾಮಾನ್ಯವಾಗಿ ಮೂರು ಷೆಡ್ಯೂಲ್ ಇರುತ್ತವೆ. ಎ ಷೆಡ್ಯೂಲಿನಲ್ಲಿ ಕಟ್ಟಡ ನಿಂತಿರುವ ಪೂರ್ತಿ ಜಾಗ. ಸಿ ಷೆಡ್ಯೂಲಿನಲ್ಲಿ ನಿಮ್ಮ ಮನೆ. ನಡುವಿನ ಬಿ ಷೆಡ್ಯೂಲಿನಲ್ಲಿ ಆ ಜಾಗದಲ್ಲಿ ನಿಮಗೆ ಬರುವ ಅವಿಭಾಜ್ಯ ಪಾಲು, ಅಂದರೆ ಗೆರೆ ಹಾಕಿ ಬೇರ್ಪಡಿಸದ ಪಾಲು. ಟೈಲ್ಸ್ ಯಾವುದು, ಅಡುಗೆಮನೆ ಯಾವ ದಿಕ್ಕಿಗೆ ಎಂದು ಹತ್ತು ಸಲ ಕೇಳುವವರು ಬಿ ಷೆಡ್ಯೂಲ್ ಓದುವುದೇ ಇಲ್ಲ. ಕಟ್ಟಡ ಮುದಿಯಾಗುತ್ತದೆ, ಒಂದು ದಿನ ಕೆಡವಲೇಬೇಕು. ಆಗ ಉಳಿಯುವುದು ಬಿ ಷೆಡ್ಯೂಲ್ ಮಾತ್ರ. ರಸ್ತೆ ಅಗಲಕ್ಕೆ ಮುಂದಿನ ಜಾಗ ಹೋದರೂ ಪರಿಹಾರ ಹಂಚುವಾಗ ನೋಡುವುದು ಅದನ್ನೇ.

ಒಮ್ಮೆ ನಿವೃತ್ತ ಗಣಿತದ ಟೀಚರೊಬ್ಬರು ಬಂದರು. 60×80 ಅಡಿಯ ಪ್ಲಾಟು, ಅಂದರೆ 4,800 ಚದರಡಿ. ಒಂದೇ ಅಳತೆಯ ಎಂಟು ಮನೆಗಳು. ಏಳು ಮಾರಿಯಾಗಿತ್ತು, ಇವರದು ಕೊನೆಯದು. ಬಿಲ್ಡರ್ ಕೊಟ್ಟ ಕರಡಿನಲ್ಲಿ "ಸಮಪ್ರಮಾಣದ ಅವಿಭಾಜ್ಯ ಪಾಲು" ಎಂದಷ್ಟೇ ಇತ್ತು. ಅಂಕಿ ಇಲ್ಲ. ಪೂರ್ತಿ ಜಾಗದ ಇಸಿ, ಅಂದರೆ ಅದರ ಮೇಲೆ ಆದ ನೋಂದಣಿಗಳ ಪಟ್ಟಿ ತೆಗೆಸಿ, ಹಿಂದಿನ ಏಳೂ ಪತ್ರಗಳ ನಕಲು ತರಿಸಿದೆ. ಒಂದೊಂದರಲ್ಲೂ 650 ಚದರಡಿ ಬರೆದಿತ್ತು. ಟೀಚರು ಪೆನ್ನು ಹಿಡಿಯಲೇ ಇಲ್ಲ. "ನಾಕೂವರಿ ಸಾವಿರದ ಮ್ಯಾಲ ಐವತ್ತು. ಉಳಿದದ್ದು ಬರೇ ಎರಡುನೂರಾ ಐವತ್ತೇನ್ರಿ ವಕೀಲ್ರ? ಏಳು ಮಂದಿ ಅಂಗಳ ತುಂಬ ಹಾಸ್ಕೊಂಡು ಮಲಗ್ಯಾರ. ನನಗ ಮೂಲ್ಯಾಗ ಒಂದು ಚಾಪಿ!"

ಉಪನೋಂದಣಿ ಕಚೇರಿಯಲ್ಲಿ ಇದು ಯಾಕೆ ಸಿಕ್ಕಿಬೀಳಲಿಲ್ಲ? ಅಲ್ಲಿ ನೋಡುವುದು ಮುಂದಿರುವ ಪತ್ರವನ್ನು. ಒಂದೊಂದಾಗಿ ನೋಡಿದರೆ ಏಳೂ ಸರಿ ಇದ್ದವು. ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ರೇರಾ ಕೂಡ ಬರಲಿಲ್ಲ. ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಮನೆಗಳು ಎಂಟು ದಾಟದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. ಇದು ಸುಮಾರು 446 ಚದರ ಮೀಟರ್, ಮನೆಗಳೂ ಎಂಟೇ. ನನ್ನ ಮೇಜಿಗೆ ಬರುವ ಹೆಚ್ಚಿನ ಕಟ್ಟಡಗಳ ಅಳತೆ ಇಷ್ಟೇ. ಅಲ್ಲಿ ಕೂಡಿಸಿ ನೋಡುವ ಕೆಲಸ ಕೊಳ್ಳುವವರ ತಲೆಗೇ ಬೀಳುತ್ತದೆ.

ಇದಕ್ಕೆ ಮದ್ದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಲ್ಲೇ ಇದೆ. ಅದರ ಪ್ರಕಾರ ಘೋಷಣಾ ಪತ್ರ ಮಾಡಿ ನೋಂದಾಯಿಸಿದರೆ ಪ್ರತಿ ಮನೆಯ ಶೇಕಡಾವಾರು ಪಾಲು ಅದರಲ್ಲೇ ಬರುತ್ತದೆ. ಆಮೇಲೆ ಎಲ್ಲ ಮಾಲೀಕರೂ ಒಪ್ಪದೆ ಅದನ್ನು ಬದಲಿಸುವಂತಿಲ್ಲ. ಈ ಕಟ್ಟಡದಲ್ಲಿ ಅದನ್ನು ಮಾಡಿರಲಿಲ್ಲ. ಬಿಲ್ಡರ್‌ಗೆ ಕೇಳಿದರೆ "ಅದೆಲ್ಲ ಬೆಂಗಳೂರಾಗ್ರಿ" ಅಂದ.

ಇನ್ನೊಂದು ಸಾಲಿನ ಮೇಲೂ ಕಣ್ಣಿಡಿ. "ಮಾಳಿಗೆ ಮೇಲೆ ಮುಂದೆ ಕಟ್ಟುವ ಹಕ್ಕು ಜಾಗದ ಮಾಲೀಕರಿಗೆ ಉಳಿದಿರುತ್ತದೆ." ಒಂಬತ್ತನೇ ಮನೆ ಎದ್ದರೆ ಅದಕ್ಕೆ ನೆಲದ ಪಾಲು ಎಲ್ಲಿಂದ ಬರಬೇಕು? ನಾನು ಈ ಸಾಲು ಕಂಡಲ್ಲಿ ಕೆಂಪು ಗೆರೆ ಎಳೆಯುತ್ತೇನೆ.

ನೋಂದಣಿ ಅರ್ಜಿಯ ವಿಷಯಕ್ಕೆ ಬಂದರೆ, ಈಗ ಎಲ್ಲ ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಕಾವೇರಿ 2.0ರಲ್ಲಿ. ಕರಡು ಹಾಕಬೇಕು, ಉಪನೋಂದಣಾಧಿಕಾರಿ ನೋಡಿ ಒಪ್ಪಿದ ಮೇಲೆ ಶುಲ್ಕ ಕಟ್ಟಬೇಕು, ಸಮಯ ಗೊತ್ತು ಮಾಡಿಕೊಂಡು ಹೆಬ್ಬೆಟ್ಟು, ಫೋಟೊಕ್ಕೆ ಹೋಗಬೇಕು. ಫ್ಲಾಟಿನ ಅರ್ಜಿ ವಾಪಸ್ ಬರುವುದನ್ನು ನಾನು ಕಂಡಿದ್ದು ಹೆಚ್ಚಾಗಿ ಮೂರು ಕಾರಣಕ್ಕೆ. ಒಂದು, ಇ-ಖಾತಾ ಇನ್ನೂ ಇಡೀ ಕಟ್ಟಡದ ಹೆಸರಲ್ಲೇ ಇರುತ್ತದೆ. ನಿಮ್ಮ ಮನೆಗೆ ಬೇರೆ ಖಾತಾ ಆಗದೆ ಅರ್ಜಿ ಮುಂದೆ ಹೋಗದು. ಪಾಲಿಕೆಯಲ್ಲಿ ಅದನ್ನು ಮಾಡಿಸಿ ಕೊಡಬೇಕಾದವರು ಮಾರುವವರು. ಮುಂಗಡ ಕೊಡುವ ಮೊದಲೇ ಕೇಳಿ. ಎರಡು, ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿಗೆ ಏನಿದೆ ಎಂಬುದು. ಎ ಷೆಡ್ಯೂಲಿನ ಚಕ್ಕುಬಂದಿಯನ್ನೇ ಸಿ ಷೆಡ್ಯೂಲಿಗೆ ನಕಲು ಹೊಡೆದಿರುತ್ತಾರೆ. ಎರಡನೇ ಮಹಡಿಯ ಮನೆಯ ಪೂರ್ವಕ್ಕೆ ರಸ್ತೆ ಹೇಗೆ ಬಂತು? ಅಲ್ಲಿರುವುದು ಲಿಫ್ಟೋ, ಪಕ್ಕದ ಮನೆಯೋ, ಬರೀ ಗಾಳಿಯೋ, ಇದ್ದದ್ದನ್ನೇ ಬರೆಯಬೇಕು. ಮೂರು, ಹೆಸರು. ನಮ್ಮ ಕಡೆ ಒಬ್ಬರೇ ಹಳೇ ಪತ್ರದಲ್ಲಿ ಶರಣಪ್ಪ, ಖಾತಾದಲ್ಲಿ ಶರಣಬಸಪ್ಪ, ಆಧಾರ್ ಕಾರ್ಡಿನಲ್ಲಿ ಶರಣು.

ಖರ್ಚು ಸ್ವಲ್ಪ ಹೇಳಿಬಿಡುತ್ತೇನೆ. ಹೊಸ ಫ್ಲಾಟಿನ ಮೊದಲ ಮಾರಾಟ, ಬೆಲೆ 40 ಲಕ್ಷ ಅಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ 3, ಅಂದರೆ 1,20,000. ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 14,400. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, ಅದು 80,000. ಒಟ್ಟು 2,14,400. ಬೆಲೆ 45 ಲಕ್ಷ ದಾಟಿದರೆ ಮುದ್ರಾಂಕ ಶುಲ್ಕವೇ ಶೇ 5.

ಟೀಚರ ಕಥೆಗೆ ಬರೋಣ. ಏಳೂ ಮಂದಿ ತಲಾ 50 ಚದರಡಿ ಬಿಟ್ಟರೆ ಎಲ್ಲರಿಗೂ 600 ಸರಿಹೋಗುತ್ತಿತ್ತು. ಒಂದು ಭಾನುವಾರ ಮಾಳಿಗೆ ಮೇಲೆ ಚಹಾ ಕುಡಿಯುತ್ತಾ ಐದು ಜನ ಒಪ್ಪಿದರು. ಆರನೆಯವರು ಪುಣೆಯಿಂದ ಬಂದು ಸಹಿ ಹಾಕಿದರು. ಏಳನೆಯವರು, "ನನ್ನ ಪತ್ರದಾಗ ಆರುನೂರಾ ಐವತ್ತು ಅದ, ನಾ ಯಾಕ ಬಿಡ್ಲಿ?" ಅಂದರು. ಕಾಗದ ನೋಡಿದರೆ ಅವರ ಮಾತೂ ಸುಳ್ಳಲ್ಲ. ಪಾಲು ಬಿಡಿಸುವುದು ಅಕ್ಷರ ತಪ್ಪು ತಿದ್ದಿದ ಹಾಗಲ್ಲ. ಒಬ್ಬೊಬ್ಬರೂ ಬೇರೆ ಪತ್ರ ಮಾಡಿ ಕೊಡಬೇಕಾಯಿತು. ಆ ಖರ್ಚೆಲ್ಲ ಬಿಲ್ಡರ್ ಹೊತ್ತ, ಮೇಲೆ ಬೆಲೆಯಲ್ಲೂ ಇಳಿದ. ಐದು ತಿಂಗಳು ಹಿಡಿಯಿತು.

ಕೊನೆಗೆ ಟೀಚರ ಬಿ ಷೆಡ್ಯೂಲಿನಲ್ಲಿ 550 ಬಂತು. ಅಂಕಿಯಲ್ಲಿ ಬರೆದದ್ದು ಸಾಲದೆಂದು ಅಕ್ಷರದಲ್ಲೂ ಬರೆಸಿದರು. ಈಗ ಅವರ ಕೆಳಗಿನ ಮನೆಯೇ ಏಳನೆಯವರದು. ಇಬ್ಬರೂ ಇನ್ನೂ ಮಾತಾಡುವುದಿಲ್ಲ.